ವೀಳ್ಯದ ತಟ್ಟೆ ಹಿಡಿದವನು

ಶಿಷ್ಯನು ಕೇಳಿದನು: "ಗುರುಗಳೇ, ನಾಳಿದ್ದು ಮಠದಲ್ಲಿ ಹರೆಯದ ಮಕ್ಕಳ ಶಿಬಿರ. ಅವರು ಒಳ್ಳೆಯದನ್ನು ಆರಿಸಿಕೊಳ್ಳಬೇಕು, ಅವರೊಳಗಿನಿಂದಲೇ ಮುಂದಾಳುಗಳು ಹುಟ್ಟಬೇಕು ಎಂಬುದು ನಮ್ಮ ಆಸೆ. ಹೋದ ವರ್ಷ ಹೊಗೆಸೊಪ್ಪು ಮುಟ್ಟುವುದಿಲ್ಲವೆಂದು ಎಲ್ಲರೂ ಆಣೆ ಮಾಡಿದರು. ಊಟ ಮುಗಿಯುವುದರೊಳಗೆ ಬಾವಿಕಟ್ಟೆಯ ಹಿಂದೆ ಅರ್ಧ ಜನ ಜಗಿಯುತ್ತಿದ್ದರು. ಈ ಸಲ ಎಚ್ಚರ ವಹಿಸಿದ್ದೇನೆ. ಸೇರಿಕೊಳ್ಳಲು ಬಂದ ಒಬ್ಬ ಹುಡುಗನ ಬಾಯಿ ಕೆಂಪಗಿತ್ತು. ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳುಹಿಸಿದೆ. ಇನ್ನು ಭಾಷಣಕ್ಕೆ ಯಾರನ್ನು ಕರೆಸಲಿ?"

ಗುರುಗಳು ಒಂದು ಕತೆ ಹೇಳಿದರು. ನಿಜವೇ ಎಂದು ಕೇಳಬೇಡ ಎಂದು ಮೊದಲೇ ಹೇಳಿದರು. ಅವರಿಗೆ ಅದನ್ನು ಹೇಳಿದವನು ಆ ಊರಿನವನೇ ಅಂತೆ. ಆದರೆ ಆ ವರ್ಷ ಅವನು ಊರಲ್ಲಿ ಇರಲಿಲ್ಲವಂತೆ.

ಒಂದು ಊರಿನಲ್ಲಿ ವರ್ಷಕ್ಕೊಮ್ಮೆ ಹರೆಯದವರ ಮೇಳ ನಡೆಯುತ್ತಿತ್ತು. ಹೊಗೆಸೊಪ್ಪು ಬಿಡಿ ಎಂದು ಹಿರಿಯರು ಮಾತನಾಡುತ್ತಿದ್ದರು, ಕಿರಿಯರು ಆಕಳಿಸುತ್ತಿದ್ದರು. ಚಪ್ಪರದ ಖರ್ಚನ್ನು ಹೊಗೆಸೊಪ್ಪಿನ ವ್ಯಾಪಾರಿ ವಹಿಸುತ್ತಿದ್ದ. ಭಾಷಣ ಉದ್ದವಾದಷ್ಟೂ ಅವನಿಗೆ ಸಂತೋಷ. ಅಷ್ಟು ಹೊತ್ತು ಕೂತು ಎದ್ದವರು ನೇರವಾಗಿ ಅವನ ಅಂಗಡಿಗೇ ಬರುತ್ತಿದ್ದರು. ಅಷ್ಟೇ ಅಲ್ಲ. ಬಂದವರನ್ನು ವೀಳ್ಯ ಕೊಡದೆ ಕಳುಹಿಸುವ ರೂಢಿ ಆ ಊರಲ್ಲಿ ಇರಲಿಲ್ಲ. ಎಲೆ, ಅಡಿಕೆ, ಮೇಲೊಂದು ಎಳೆ ಹೊಗೆಸೊಪ್ಪು. ಬಿಡುತ್ತೇವೆಂದು ಆಣೆ ಮಾಡಿದ ಕೈಗೇ ಅದನ್ನಿಟ್ಟು, ಹೋಗಿಬನ್ನಿ ಎನ್ನುತ್ತಿದ್ದರು.

ಒಂದು ವರ್ಷ ಊರ ಗೌಡನ ಗಂಟಲು ಕಟ್ಟಿತು. ಮೇಳವನ್ನು ನೀವೇ ನಡೆಸಿಕೊಳ್ಳಿ ಎಂದು ಅವನು ಕಿರಿಯರಿಗೆ ಸನ್ನೆ ಮಾಡಿದ. ಅವರು ತಮ್ಮೊಳಗೆ ಒಬ್ಬ ಕುಂಬಾರರ ಹುಡುಗಿಯನ್ನು ಮುಂದಾಳು ಮಾಡಿಕೊಂಡರು.

ಆ ಊರಲ್ಲಿ ಒಬ್ಬ ನೇಕಾರನ ಮಗನಿದ್ದ. ಮೀಸೆ ಚಿಗುರುವ ಮೊದಲೇ ಜಗಿಯಲು ಕಲಿತಿದ್ದ. ಅವನ ಬಾಯಿ ಬಿಗಿಯುತ್ತಾ ಬಂದಿತ್ತು. ತಾಯಿ ಮುದ್ದೆಯನ್ನು ಗೋಲಿಯಷ್ಟು ಮುರಿದು ಕೊಡುತ್ತಿದ್ದಳು. ಖಾರ ತಾಗಿದರೆ ಉರಿ ಎಂದು ಮನೆಯವರೆಲ್ಲ ಸಪ್ಪೆ ಸಾರು ಉಣ್ಣುತ್ತಿದ್ದರು. ಇನ್ನೊಂದು ವರ್ಷ ಹೀಗೇ ಬಿಟ್ಟರೆ ಗಂಜಿಯೇ ಗತಿ ಎಂದು ವೈದ್ಯ ಹೇಳಿದ್ದ. ಅವನು ಮೇಳಕ್ಕೆ ಬಾರದಿರಲಿ, ಬೇರೆಯವರೂ ಕೆಡುತ್ತಾರೆ ಎಂದು ಹಿರಿಯರು ಹೇಳಿಕಳುಹಿಸಿದರು. ಹುಡುಗಿ ಅವನ ಮನೆಗೇ ಹೋಗಿ ವೀಳ್ಯದ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. ಅದರಲ್ಲಿ ಎಲೆ ಅಡಿಕೆ ಮಾತ್ರ ಇತ್ತು.

ಆ ತಟ್ಟೆಗೆ ಒಂದು ಕಟ್ಟಳೆ ಇತ್ತು. ಬಡಿಸುವವನು ಕೊನೆಗೆ ಉಣ್ಣುವಂತೆ, ತಟ್ಟೆ ಹಿಡಿದವನು ಮೇಳಕ್ಕೆ ಕರೆಸಿಕೊಂಡವರಿಗೆಲ್ಲ ಕೊಟ್ಟು ಮುಗಿಸುವ ತನಕ ತಾನು ಜಗಿಯುವಂತಿಲ್ಲ. ಎಲೆಯೂ ಇಲ್ಲ, ಅಡಿಕೆಯೂ ಇಲ್ಲ, ಹೊಗೆಸೊಪ್ಪಂತೂ ಇಲ್ಲವೇ ಇಲ್ಲ.

ಹುಡುಗ ಮೇಳದಲ್ಲಿ ಸಂಜೆಯ ತನಕ ಹಂಚಿದ. ತಟ್ಟೆಯಲ್ಲಿ ಒಂದು ವೀಳ್ಯ ಉಳಿಯಿತು. ಕುಂಬಾರರ ಹುಡುಗಿಯನ್ನು ಕೇಳಿದ:

"ಇದು ಯಾರದಕ್ಕಾ?"

"ಕುರಿಗಾಹಿ ತಾತನದು. ಅವನನ್ನೂ ಕರೆದಿದ್ದೇವೆ."

"ಅವನು ಮಂದೆ ಹೊಡೆದುಕೊಂಡು ಘಟ್ಟದ ಕಡೆ ಹೋಗಿದ್ದಾನಲ್ಲ! ಬರುವುದು ಮಳೆ ಬಿದ್ದ ಮೇಲೆ. ಇದೆಂಥಾ ಮೋಸ?"

"ಮೋಸವೇನು ಬಂತು? ಭಾರ ಅನ್ನಿಸಿದರೆ ಕೆಳಗಿಡು. ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ."

ಹುಡುಗ ಅವಳನ್ನು ಬೈದ. ಬೈಯುತ್ತಲೇ ತಟ್ಟೆಯನ್ನು ಮನೆಗೆ ಒಯ್ದ. ಅಲ್ಲಿಯವರೆಗೆ ಊರಿನವರು ಅವನ ಕೈಗೆ ಏನನ್ನೂ ನಂಬಿ ಕೊಟ್ಟಿರಲಿಲ್ಲ.

ಮೊದಲ ದಿನಗಳಲ್ಲಿ ಅವನು ಗೋಡೆಗೆ ತಲೆ ಕುಟ್ಟಿಕೊಂಡ. ವ್ಯಾಪಾರಿ ಅಂಗಡಿಯಿಂದಲೇ ಕೂಗಿದ: "ಒಂದು ಚೂರು ಹಾಕ್ಕೊಳ್ಳೋ, ಇಲ್ಲಿ ಯಾರು ನೋಡ್ತಾರೆ?" ಹುಡುಗ, "ತಟ್ಟೆ ಹಿಡಿದಿದ್ದೀನಿ ಮಾವ" ಎಂದು ಮುಂದೆ ನಡೆದ. ಬಾಡಿದ ಎಲೆಯನ್ನು ತೆಗೆದು ಹೊಸ ಎಲೆ ಇಡುತ್ತಿದ್ದ. ಅವನ ಜೊತೆ ಜಗಿಯುತ್ತಿದ್ದವರು, ತಾತ ಬಂದನೇನೋ ಎಂದು ದಿನವೂ ಗೇಲಿ ಮಾಡುತ್ತಿದ್ದರು. ಬರಬರುತ್ತಾ ಅವರೂ ಊರ ಬಾಗಿಲಲ್ಲಿ ಕೂತು ದಾರಿ ನೋಡತೊಡಗಿದರು. ಹೀಗೆ ಕಾಯುವಾಗ ಅವನೆದುರು ಜಗಿಯಲು ಅವರಿಗೇ ನಾಚಿಕೆಯಾಯಿತು. ಮಳೆಗೆ ಮೊದಲು ಒಂದು ದಿನ ನೇಕಾರನ ಮಗ ಊಟಕ್ಕೆ ಕೂತವನು, "ಅವ್ವಾ, ಸಾರಿಗೆ ಖಾರ ಹಾಕೋದನ್ನೇ ಮರೆತುಬಿಟ್ಟೆಯಾ?" ಎಂದ. ತಾಯಿ ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಬಾಯಿ ಮೊದಲಿನಂತೆ ಪೂರ್ತಿ ತೆರೆಯುತ್ತಿರಲಿಲ್ಲ. ಆದರೆ ಉರಿ ಇಳಿದಿತ್ತು.

ಮಳೆ ಬಿತ್ತು. ಕುರಿಗಾಹಿ ಬಂದ. ಹುಡುಗ ಓಡಿಹೋಗಿ ತಟ್ಟೆ ಹಿಡಿದ. ಮುದುಕ ವೀಳ್ಯ ತೆಗೆದುಕೊಂಡು ಹೇಳಿದ: "ನನಗೆ ಹಲ್ಲೇ ಇಲ್ಲ ಮಗಾ, ಆದರೂ ಕರೆದಿರಲ್ಲ, ಸಂತೋಷ. ಎಲ್ಲರದೂ ಮುಗಿಯಿತು. ಇನ್ನು ನೀನು ಹಾಕ್ಕೋ."

ಗೆಳೆಯರು ಅವನ ಬಾಯಿಯನ್ನೇ ನೋಡುತ್ತಿದ್ದರು. ವ್ಯಾಪಾರಿಯೂ ಅಂಗಡಿಯಿಂದ ಇಳಿದು ಬಂದಿದ್ದ. ಹುಡುಗ ಖಾಲಿ ತಟ್ಟೆಯನ್ನು ನೋಡಿದ. ಅಂಗಿಯ ತುದಿಯಿಂದ ಅದನ್ನು ಒರೆಸಿ ಕಂಕುಳಲ್ಲಿ ಇಟ್ಟುಕೊಂಡ.

"ಇಲ್ಲ ತಾತ, ಇನ್ನೂ ಒಬ್ಬರು ಬರೋದಿದೆ" ಎಂದ.

ಮುಂದಿನ ವರ್ಷ ವ್ಯಾಪಾರಿ ಚಪ್ಪರ ಹಾಕಿಸಲಿಲ್ಲವಂತೆ. ಮೇಳ ಆಲದ ಮರದ ಕೆಳಗೆ ಚೆನ್ನಾಗಿಯೇ ನಡೆಯಿತಂತೆ.

ಶಿಷ್ಯನು ಸಂತೋಷದಿಂದ ನಕ್ಕನು. "ಗುರುಗಳೇ, ಆ ಬರಬೇಕಾಗಿದ್ದ ಒಬ್ಬರು ಯಾರು?" ಎಂದು ಕೇಳಿದನು.

ಗುರುಗಳೂ ನಕ್ಕು ಹೇಳಿದರು: "ಅದಿರಲಿ, ನೀನು ಬಾಗಿಲಲ್ಲೇ ತಡೆದೆಯಲ್ಲ, ಆ ಹುಡುಗನ ಹೆಸರೇನು?"

ಶಿಷ್ಯನು ಹೆಸರನ್ನು ಕೇಳಿಯೇ ಇರಲಿಲ್ಲ; ಎದ್ದು ಆ ಹುಡುಗನನ್ನು ಹುಡುಕಿಕೊಂಡು ಹೊರಟನು.