ನೇಕಾರನ ಆಮೆ

ಶಿಷ್ಯ ಗುರುಲಿಂಗನು ಕೇಳಿದನು: "ಗುರುಗಳೇ, ತನ್ನ ಹೆಂಡತಿ ತೀರಿಕೊಂಡ ಮೇಲೆ ನನ್ನ ತಮ್ಮ ಮಾತು ಬಿಟ್ಟಿದ್ದಾನೆ. ದಿನವೂ ಹೋಗಿ ಮಾತಿಗೆಳೆಯುತ್ತೇನೆ, ಬಲವಂತವಾಗಿ ಹೊರಗೆ ಕರೆದೊಯ್ಯುತ್ತೇನೆ. ಅವನು ಇನ್ನಷ್ಟು ಕುಗ್ಗುತ್ತಿದ್ದಾನೆ. ನಾನೇನು ಮಾಡಲಿ?"

ಗುರುಗಳು ಒಂದು ಕತೆ ಹೇಳಿದರು.

ಹಿಮ ಬೀಳುವ ಬೆಟ್ಟದೂರಿನಲ್ಲಿ ಒಬ್ಬ ನೇಕಾರನಿದ್ದನು. ಅವನೂ ಅವನ ಹೆಂಡತಿಯೂ ಎರಡು ಆಮೆಗಳನ್ನು ಸಾಕಿದ್ದರು. ಮೊದಲ ಚಳಿಗಾಲ ಬಂದಾಗ ಆಮೆಗಳು ಮಂಕಾದವು, ಮೇವಿಗೆ ಬಾಯಿ ಹಾಕಲಿಲ್ಲ. ಅವುಗಳಿಗೆ ಕಾಯಿಲೆಯೆಂದು ನೇಕಾರನು ಹೆದರಿದನು. ಒಲೆಯ ಬಳಿ ಇಟ್ಟು ಬೆಚ್ಚಗೆ ಮಾಡಿದನು. ಎಚ್ಚರಗೊಂಡಾಗ ಸೊಪ್ಪು ತಿನ್ನಿಸಿದನು. ಒಲೆ ಆರಿದಾಗ ಅವು ಮತ್ತೆ ಮರಗಟ್ಟಿದವು. ತಿಂದದ್ದು ಅರಗದೆ ಹೊಟ್ಟೆಯಲ್ಲೇ ಕೊಳೆತು ಒಂದು ಆಮೆ ಸತ್ತಿತು.

ಮರುವರ್ಷ ಚಳಿಗೆ ಮುಂಚೆಯೇ ಉಳಿದ ಆಮೆಯ ಬಗ್ಗೆ ನೇಕಾರನಿಗೆ ಭಯ ಹಿಡಿಯಿತು. ಬಹುಕಾಲ ಆಮೆ ಸಾಕಿದ್ದ ಒಬ್ಬ ಉಣ್ಣೆ ವ್ಯಾಪಾರಿ ಮನೆಗೆ ಬಂದಾಗ ಅವನಲ್ಲಿ ತನ್ನ ಕಷ್ಟ ಹೇಳಿಕೊಂಡನು.

ವ್ಯಾಪಾರಿ ಹೇಳಿದನು: "ಆಮೆಗೆ ಕಾಯಿಲೆಯಿಲ್ಲ, ಚಳಿಗಾಲವಿಡೀ ಅದಕ್ಕೆ ನಿದ್ದೆ ಬೇಕು. ಮಲಗುವ ಮುಂಚೆ ಕೆಲವು ವಾರ ಮೇವು ನಿಲ್ಲಿಸಿ ನೀರು ಮಾತ್ರ ಕೊಡು, ಹೊಟ್ಟೆ ಖಾಲಿಯಾಗಲಿ. ಆಮೇಲೆ ತರಗೆಲೆ ತುಂಬಿದ ಪೆಟ್ಟಿಗೆಯಲ್ಲಿಟ್ಟು ತಣ್ಣನೆಯ ಕೋಣೆಯಲ್ಲಿ ಬಿಡು. ಹೆಪ್ಪುಗಟ್ಟುವಷ್ಟು ಚಳಿ ಮಾತ್ರ ತಾಗಬಾರದು."

"ಮತ್ತೆ ನನಗೇನು ಕೆಲಸ? ಸುಮ್ಮನೆ ಕೂತಿರಲೇ?"

"ಇಲಿ ಬಾರದಂತೆ ನೋಡಿಕೋ. ಹಿಮ ಹೆಚ್ಚಾದರೆ ಪೆಟ್ಟಿಗೆಗೆ ಕಂಬಳಿ ಹೊದಿಸು. ಆಗಾಗ ಆಮೆಯನ್ನು ಮೆಲ್ಲಗೆ ಎತ್ತಿ ನೋಡು. ತೀರ ಹಗುರಾಗಿದ್ದರೆ ಮಾತ್ರ ಎಬ್ಬಿಸು."

ನೇಕಾರನು ಹಾಗೆಯೇ ಮಾಡಿದನು. ನಡುಚಳಿಯಲ್ಲಿ ನೆರೆಯವರು ಬಂದು ನೋಡಿ, ಇದು ಸತ್ತಿದೆ, ಹೂಳಿಬಿಡು ಎಂದರು. ಹೆಂಡತಿ ಅತ್ತಳು. ಪೆಟ್ಟಿಗೆಯನ್ನು ಒಲೆಯ ಬಳಿಗೆ ಒಯ್ಯಬೇಕೆಂದು ಅವನಿಗೂ ಅನಿಸಿತು. ಆಮೆಯನ್ನು ಎತ್ತಿ ನೋಡಿದನು. ತೂಕ ಹಾಗೆಯೇ ಇತ್ತು. ಮತ್ತೆ ಎಲೆಗಳ ನಡುವೆ ಇಟ್ಟು, ಗೋಡೆಯಲ್ಲಿ ಇಲಿ ಕೊರೆದಿದ್ದ ಹೊಸ ಬಿಲವನ್ನು ಕಲ್ಲು ಮಣ್ಣಿನಿಂದ ಮುಚ್ಚಿದನು.

ಬಿಸಿಲು ಬಲಿತ ಮೇಲೆ ಒಂದು ದಿನ ತರಗೆಲೆ ಸರಿದಾಡಿತು. ಹೆಂಡತಿ ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ತಂದಿಟ್ಟಳು. ಆಮೆ ಕತ್ತು ಚಾಚಿ ಬಹಳ ಹೊತ್ತು ಕುಡಿಯಿತು. ಗಂಡಹೆಂಡಿರು ನೋಡುತ್ತ ನಿಂತರು.

ಕತೆ ಮುಗಿಯಿತು. ಗುರುಲಿಂಗನ ಮುಖ ಅರಳಿತು. "ತಿಳಿಯಿತು, ಗುರುಗಳೇ. ಇನ್ನು ತಮ್ಮನನ್ನು ಅವನ ಪಾಡಿಗೆ ಬಿಟ್ಟುಬಿಡುತ್ತೇನೆ" ಎಂದು ಎದ್ದುನಿಂತನು.

ಗುರುಗಳು ಹೇಳಿದರು: "ಮಲಗಿದ್ದು ಆಮೆ, ನೇಕಾರನಲ್ಲ."