ಮೊದಲು ಅನುಮತಿ, ಆಮೇಲೆ ಗೋಡೆ

ನಗುವವರು ನಕ್ಕುಬಿಡಿ, ಆದರೆ ಕೊನೇವರೆಗೂ ಕೇಳಿ. ಹೊನ್ನವ್ವನಿಗೆ ಒಬ್ಬನೇ ಮಗ, ಚೆನ್ನಿಂಗ. ಗಡ್ಡ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ನಾನು ಕಣ್ಣು ಮುಚ್ಚಿದರೆ ಇವನ ಗತಿಯೇನಪ್ಪಾ" ಅಂತ ಹೊನ್ನವ್ವ ಮನೆ ಪಕ್ಕ ಒಂದು ಕೋಣೆ ಕಟ್ಟಿಸಿದಳು, ಬಾಡಿಗೆಯಲ್ಲಿ ಮಗ ಉಂಡುಕೊಂಡಿರಲಿ ಅಂತ. ಪುರಸಭೆಯನ್ನು ಮಾತ್ರ ಕೇಳಲೇ ಇಲ್ಲ.

ಬಂತಲ್ಲ ನೋಟೀಸು! ಸಕ್ರಮ ಮಾಡಿಸಿಕೊಳ್ಳಿ, ಇಲ್ಲವಾದರೆ ಒಡೆಯುತ್ತೇವೆ.

"ಚೆನ್ನಿಂಗಾ, ಈ ಅರ್ಜಿ ತಗೊಂಡು ಹೋಗು. ಪುರಸಭೆ ಸಾಹೇಬರ ಮುಂದೆ ಕೈಮುಗಿದು ನಿಂತ್ಕೋ. ಬಾಯಿ ಮಾತ್ರ ಬಿಡಬೇಡ!"

"ಹೂಂ ಅವ್ವಾ, ಹಾಗೇ ಮಾಡ್ತೀನಿ."

ಹೋದ. ಅರ್ಜಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೈಮುಗಿದ.

"ಏನಯ್ಯಾ?" ಮಾತಿಲ್ಲ.

"ಅರ್ಜಿ ಕೊಡಯ್ಯಾ!" ಮುಗಿದ ಕೈ ಬಿಡಿಸಲಿಲ್ಲ. ಕಚೇರಿಗೆ ಬೀಗ ಬಿತ್ತು, ಅರ್ಜಿ ಮನೆಗೆ ವಾಪಸ್ಸು ಬಂತು.

"ಅಯ್ಯೋ ನನ್ನ ಹಣೆಬರಹವೇ! ಅರ್ಜಿ ಕೊಟ್ಟು, ಕೇಳಿದ್ದಕ್ಕೆಲ್ಲ ಬಾಯ್ತುಂಬ ಹೇಳಬೇಕು ಕಣೋ, ಏನೂ ಮುಚ್ಚಿಡಬಾರದು!"

"ಹೂಂ ಅವ್ವಾ, ಹಾಗೇ ಮಾಡ್ತೀನಿ."

ಮತ್ತೆ ಹೋದ. "ಯಾವಾಗ ಕಟ್ಟಿದ್ದು?" ಅಂದರು ಸಾಹೇಬರು.

"ನೀವು ಊರಲ್ಲಿ ಇಲ್ಲದಾಗ, ಸ್ವಾಮಿ! ನೀವಿದ್ದರೆ ಬಿಡಲ್ಲ ಅಂತ ಅವ್ವನೇ ಅಂದ್ಲು! ಪಕ್ಕದ ಮನೆಯೋರಿಗೆ ಅನುಮತಿ ಆಗಿದೆ ಅಂತ ಸುಳ್ಳು ಹೇಳಿದ್ದೂ ಅವ್ವನೇ!"

ಕಚೇರಿಯೆಲ್ಲ ಗೊಳ್ಳೆಂದಿತು. ಹೊನ್ನವ್ವನನ್ನೇ ಕರೆಸಿದರು. "ಮೊದಲು ಅನುಮತಿ, ಆಮೇಲೆ ಗೋಡೆ! ಇಷ್ಟೂ ಗೊತ್ತಿಲ್ಲವೇನಮ್ಮಾ?" ಅಂತ ಸಾಹೇಬರು ಬೈದರು. ಆಮೇಲೆ ಅವಳ ನರೆತ ತಲೆ ನೋಡಿ, "ದಂಡ ಕಟ್ಟಿ ಹೋಗು, ಸಕ್ರಮ ಮಾಡಿ ಕಳಿಸ್ತೀನಿ" ಅಂದರು. ಒಳ್ಳೇ ಮನುಷ್ಯ, ಪಾಪ.

ದಂಡ ಕಟ್ಟಿ ಮನೆಗೆ ಬರುವ ದಾರಿಯುದ್ದಕ್ಕೂ ಹೊನ್ನವ್ವ ನಾಚಿಕೆಯನ್ನೆಲ್ಲ ಮಗನ ಮೇಲೆ ತೀರಿಸಿಕೊಂಡಳು. "ಕೇಳಿದೆಯೇನೋ? ಮೊದಲು ಅನುಮತಿ, ಆಮೇಲೆ ಗೋಡೆ! ಅನುಮತಿಗಿಂತ ಮುಂಚೆ ಗೋಡೆ ಇರಲೇಬಾರದು!"

"ಹೂಂ ಅವ್ವಾ, ಹಾಗೇ ಮಾಡ್ತೀನಿ."

ಅನುಮತಿ ಪತ್ರ ಬಂದ ದಿನ ಹೊನ್ನವ್ವ ಅಕ್ಕನ ಊರಿಗೆ ಹೋಗಿದ್ದಳು. ಸಂಜೆ ಬಂದು ನೋಡಿದರೆ ಕೋಣೆಯಿಲ್ಲ. ಇಟ್ಟಿಗೆ ರಾಶಿ, ಅದರ ಮೇಲೆ ಮೈಯೆಲ್ಲ ಧೂಳಾದ ಮಗ, ಕೈಯಲ್ಲಿ ಹಾರೆ.

"ಅವ್ವಾ, ಅನುಮತಿ ಬಂತು! ಗೋಡೆ ಅದಕ್ಕಿಂತ ಮುಂಚೇನೇ ಇತ್ತಲ್ಲ, ಕೆಡವಿಬಿಟ್ಟೆ. ಈಗ ಕಟ್ಟೋಣ ಬಾ!"

ಹೊಡೆಯಲು ಎತ್ತಿದ ಕೈ ಹಾಗೇ ಇಳಿಯಿತು. ಕೇಳದೆ ಕಟ್ಟಿದವಳು ತಾನು, ಬುದ್ಧಿ ಹೇಳಿದವಳೂ ತಾನೇ. ಇನ್ನು ಯಾರನ್ನು ಬೈಯೋದು?

"ಈಗೇನು ಮಾಡಲಿ ಅವ್ವಾ?"

"ಏನೂ ಮಾಡಬೇಡ ಕಂದಾ. ಸುಮ್ಮನೆ ಕೂತ್ಕೋ."

"ಹೂಂ ಅವ್ವಾ, ಹಾಗೇ ಮಾಡ್ತೀನಿ."

ಮುದುಕಿ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಇಟ್ಟಿಗೆ ಎತ್ತಿ ಜೋಡಿಸತೊಡಗಿದಳು. ಗಟ್ಟಿ ರಟ್ಟೆಯ ಮಗ ಪಕ್ಕದಲ್ಲೇ ಸುಮ್ಮನೆ ಕೂತಿದ್ದ.