ಬಚ್ಚಲ ಮೂಲೆಯ ಸಬ್ಬಸಿಗೆ

"ಗುರುಗಳೇ, ಎಷ್ಟೋ ವರ್ಷಗಳ ಹಿಂದೆ ಅಕ್ಕನ ಜೊತೆ ಜಗಳವಾಡಿ ಮನೆ ಬಿಟ್ಟು ಬಂದವನು ನಾನು. ತಪ್ಪು ನನ್ನದೇ. ಹೋಗಿ ಕ್ಷಮೆ ಕೇಳಬೇಕೆಂದಿದ್ದೇನೆ. ಆದರೆ ಒಳಗೆ ಸಿಟ್ಟು ಇನ್ನೂ ಉಳಿದಿದೆ. ಅದು ಪೂರ್ತಿ ಹೋದ ಮೇಲೆ ಹೋಗುವುದೇ ಸರಿಯಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಕೂತಲ್ಲೇ ಕಾಲು ಚಾಚಿಕೊಂಡು ಹೇಳತೊಡಗಿದರು.

ಒಬ್ಬ ಬಡಗಿಯಿದ್ದ. ಒಳ್ಳೆಯ ಕೆಲಸಗಾರ. ಹಲಗೆ ನುಣುಪಾಗುವವರೆಗೆ ಒಂದು ಮೊಳೆಯನ್ನೂ ಹೊಡೆದವನಲ್ಲ. ಮರಕ್ಕೆ ಸಲ್ಲುವ ಈ ನಿಯಮ ಲೋಕಕ್ಕೆಲ್ಲ ಸಲ್ಲುತ್ತದೆ ಎಂಬುದು ಅವನ ತಿಳಿವಳಿಕೆ. ಹೆಂಡತಿ ಅದನ್ನು ಒಪ್ಪಿದವಳಲ್ಲ. ವಾದ ಮಾಡಿ ಅವನನ್ನು ಗೆದ್ದವಳೂ ಅಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹಿತ್ತಲು ನೋಡುವಂತಿರಲಿಲ್ಲ. ಬೇಲಿ ವಾಲಿತ್ತು. ಕಳೆ ಸೊಂಟದುದ್ದ ಬೆಳೆದಿತ್ತು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕಾರ್ತಿಕದ ಕೊನೆಗೆ ಅವಳಿಗೆ ದಿನ ತುಂಬುತ್ತಿತ್ತು. ಬಾಣಂತಿಗೆ ಎದೆಹಾಲು ಬರಲೆಂದು ಸಬ್ಬಸಿಗೆ ಸೊಪ್ಪು ಉಣಿಸುವುದು ಆ ಕಡೆಯ ವಾಡಿಕೆ. ಊರಿನಲ್ಲಿ ಸಂತೆಯಿರಲಿಲ್ಲ. ಹಿತ್ತಲಲ್ಲಿ ಬೆಳೆದರೆ ಉಂಟು, ಇಲ್ಲವಾದರೆ ಇಲ್ಲ.

ಆಯುಧಪೂಜೆಯ ಮಾರನೆಯ ದಿನ ಹೆಂಡತಿ ಬೀಜದ ಗಂಟು ಬಿಚ್ಚಿದಳು. "ಇವತ್ತು ಚೆಲ್ಲಿದ್ರೆ ಹೆರಿಗೆ ಹೊತ್ತಿಗೆ ಸೊಪ್ಪು ಕೈಗೆ ಸಿಗ್ತದೆ."

"ಈ ಕೊಂಪೇಲಾ?" ಎಂದ ಬಡಗಿ. "ಮೊದ್ಲು ಹಿತ್ತಲು ಹಸನಾಗ್ಲಿ. ಬೀಜ ಆಮೇಲೆ."

ಪಾಪ, ಸೋಮಾರಿಯೇನಲ್ಲ ಅವನು. ಕಳೆ ಕಿತ್ತ. ಬೇಲಿಯನ್ನು ಹೊಸದಾಗಿ ಕಟ್ಟಿದ. ಮಡಿಗಳಿಗೆ ನೂಲು ಹಿಡಿದ, ಮೂಲೆಮಟ್ಟ ಇಟ್ಟು ನೋಡಿದ. ಒಂದು ಮಡಿ ಬೆರಳಷ್ಟು ಸೊಟ್ಟಗಿದೆ ಎಂದು ಒಡೆದು ಮತ್ತೆ ಕಟ್ಟಿದ. ಸಬ್ಬಸಿಗೆಗೆ ಮೂಲೆಮಟ್ಟ! ನಡುವೆ ಎರಡು ದಿನ ಮಳೆ ಹೊಯ್ದು, ಕಿತ್ತಲ್ಲೆಲ್ಲ ಕೊನ್ನಾರಿ ಹುಲ್ಲು ಮತ್ತೆ ತಲೆಯೆತ್ತಿತು. ಅವನು ಮೊದಲಿನಿಂದ ಶುರುಮಾಡಿದ. ದೀಪಾವಳಿ ಕಳೆಯಿತು. ನೆರೆಯವರು ಬೇಲಿಯಾಚೆ ನಿಂತು ಹೊಗಳಿ ಹೋದರು. ಹಿತ್ತಲು ಅಷ್ಟು ಚೆಂದವಾಗಿತ್ತು, ಆದರೆ ಬಾಯಿಗಿಡಲು ಒಂದೆಲೆಯಿರಲಿಲ್ಲ.

ಕಾರ್ತಿಕ ಮುಗಿಯುವ ಮೊದಲೇ ಮಗಳು ಹೆಣ್ಣು ಹೆತ್ತಳು. ಮಾರನೆಯ ಬೆಳಿಗ್ಗೆ ಹಾಲು ಸಾಲದೆ ಕೂಸು ಅಳುತ್ತಿತ್ತು. ಬಡಗಿ ಹಿತ್ತಲ ಮೆಟ್ಟಿಲ ಮೇಲೆ ಕೂತು ತನ್ನ ನೇರವಾದ ಮಡಿಗಳನ್ನು ನೋಡಿದ. ಅವನಿಗೆ ನಾಚಿಕೆಯಾಯಿತು. ಈಗ ಬೀಜ ಚೆಲ್ಲಿದರೂ ಸೊಪ್ಪಾಗಲು ತಿಂಗಳು ಬೇಕು. ಸಂಕಟದಲ್ಲಿ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ಬಚ್ಚಲ ನೀರು ಹರಿಯುವ ಮೂಲೆಯೊಂದು ಹಸನಾಗದೆ ಉಳಿದಿತ್ತು. ಗುದ್ದಲಿ ಹಿಡಿದು ಅತ್ತ ನಡೆದ.

ಹೆಂಡತಿ ಬಾಗಿಲಿಂದ ಕೂಗಿದಳು. "ಅಲ್ಲಿಗೆ ಗುದ್ದಲಿ ಹಾಕ್ಬ್ಯಾಡಿ!"

ಅವನು ಬಗ್ಗಿ ನೋಡಿದ. ಕಳೆಯ ನಡುವೆ, ಒಡೆದ ಹಂಚುಗಳ ಸಂದಿಯಲ್ಲಿ ಸಬ್ಬಸಿಗೆ ಮೊಣಕಾಲುದ್ದ ಬೆಳೆದಿತ್ತು. ಆಯುಧಪೂಜೆಯ ಮಾರನೆಯ ದಿನವೇ ಅವಳು ಮೊರದಗಲ ಹುಲ್ಲು ಸರಿಸಿ ಅಲ್ಲಿ ಬೀಜ ಚೆಲ್ಲಿದ್ದಳು. ಗಂಡನ ಕೈ ಆ ಮೂಲೆಗೆ ಬರುವುದು ಎಲ್ಲಕ್ಕಿಂತ ಕೊನೆಗೆ ಎಂದು ಅವಳಿಗೆ ಗೊತ್ತಿತ್ತು.

ಆ ಮಧ್ಯಾಹ್ನವೇ ಬಾಣಂತಿ ಸಬ್ಬಸಿಗೆ ಪಲ್ಯ ಉಂಡಳು. ನಾಲ್ಕು ದಿನದಲ್ಲಿ ಕೂಸು ಹೊಟ್ಟೆ ತುಂಬಿ ನಿದ್ದೆ ಹೋಗತೊಡಗಿತು. ಬಡಗಿಗಾದ ಸಂತೋಷ ಅಷ್ಟಿಷ್ಟಲ್ಲ. "ನಮ್ಮ ಹಿತ್ತಲ ಸೊಪ್ಪು" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಹೆಂಡತಿ ನಕ್ಕಳು.

ಶಿಷ್ಯನೂ ನಕ್ಕ. "ಹಾಗಾದರೆ ಕಳೆ ಕೀಳುವುದೇ ಬೇಡವೇ, ಗುರುಗಳೇ?"

"ಕೀಳಪ್ಪ, ದಿನಾ ಕೀಳು. ಅದಿರಲಿ, ನಿನ್ನ ಅಕ್ಕನಿಗೆ ಈಗ ವಯಸ್ಸೆಷ್ಟು?"